ಮೀನಿನ ತೊಟ್ಟಿಗೊಂದು ದೀಪ

(ಬಾನುಲಿ ಭಾಷಣ)



ಮೂವತ್ತು ವರ್ಷಗಳಿಗೂ ಮಿಕ್ಕಿ ಕನ್ನಡ ಪಾಠ ಹೇಳಿ ನಿವೃತ್ತನಾದವನೊಬ್ಬ ವಿದ್ಯುದ್ದೀಪದ ವ್ಯಾಟಿನ ವಿಷಯವಾಗಿ ಮಾತನಾಡಲು ಹೊರಟರೆ ನೀವು ಹುಬ್ಬೇರಿಸುವುದು ನ್ಯಾಯವೇ. ಹಳಗನ್ನಡದ ಪದ್ಯವೊಂದಕ್ಕೆ ಅರ್ಥ ಹೇಳೆಂದರೆ ಹೇಳಿಯೇನು. ಬಲ್ಬಿನ ಗೊಡವೆ ನನಗೇಕೆ? ಆದರೆ ನಾವು ಬಲ್ಲ ವಿಷಯದಲ್ಲಿ ಮಾಡುವ ತಪ್ಪಿಗಿಂತ, ಬಲ್ಲೆವೆಂದು ಭಾವಿಸಿದ ವಿಷಯದಲ್ಲಿ ಮಾಡುವ ತಪ್ಪು ಹೆಚ್ಚು ಕಲಿಸುತ್ತದೆ. ಅಂಥದೊಂದು ತಪ್ಪನ್ನು ನಾನು ಮಾಡಿದೆ. ಅದಕ್ಕೆ ಬೆಲೆ ತೆತ್ತವನು ನಾನಲ್ಲ, ಎರಡು ಮೀನುಗಳು. ಅವುಗಳ ಋಣ ತೀರಿಸುವುದಕ್ಕಾಗಿ ಈ ನಾಲ್ಕು ಮಾತು.

ನಾವಿರುವುದು ತುಮಕೂರು ರಸ್ತೆಯ ಕಡೆ, ಪೀಣ್ಯದ ಕೈಗಾರಿಕಾ ಪ್ರದೇಶಕ್ಕೆ ಹೊಂದಿಕೊಂಡ ಒಂದು ಬೀದಿಯಲ್ಲಿ. ಮಗ ಅಲ್ಲಿಯ ಕಾರ್ಖಾನೆಯೊಂದರಲ್ಲಿ ಪಾಳಿಯ ಮೇಲೆ ಕೆಲಸ ಮಾಡುತ್ತಾನೆ. ಸೊಸೆ ವೈಟ್‌ಫೀಲ್ಡಿನ ಕಂಪನಿಯೊಂದರಲ್ಲಿ ಅಮೆರಿಕದ ಗಡಿಯಾರಕ್ಕೆ ದುಡಿಯುತ್ತಾಳೆ. ಮೊಮ್ಮಗ ಆರನೆಯ ತರಗತಿ. ಕಳೆದ ಬೇಸಿಗೆಯಲ್ಲಿ ಅವನ ಹುಟ್ಟುಹಬ್ಬಕ್ಕೆ ಒಂದು ಗಾಜಿನ ತೊಟ್ಟಿಯೂ ನಾಲ್ಕು ಗೋಲ್ಡ್ ಫಿಶ್‌ಗಳೂ ಮನೆಗೆ ಬಂದವು. ತೊಟ್ಟಿಯ ಮೇಲೆ ತಗಡಿನ ಮುಚ್ಚಳ, ಅದರೊಳಗೆ ಬಲ್ಬು ಸಿಕ್ಕಿಸಲು ಒಂದು ಹೋಲ್ಡರು. ಹುಡುಗ ನನ್ನನ್ನು ಕೇಳಿದ: “ತಾತ, ಇದಕ್ಕೆ ಎಷ್ಟು ವ್ಯಾಟಿನ ಬಲ್ಬು ಹಾಕಬೇಕು?”

ಮೇಷ್ಟರಿಗೆ ಒಂದು ದುರಭ್ಯಾಸವಿರುತ್ತದೆ. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಬಂದುಬಿಡುತ್ತದೆ. “ಅರವತ್ತು” ಎಂದೆ. ನನ್ನ ಬಾಲ್ಯದ ಮನೆಯಲ್ಲಿ ಹಜಾರಕ್ಕೆ ಅರವತ್ತು, ಅಡುಗೆಮನೆಗೆ ನಲವತ್ತು, ಬಚ್ಚಲಿಗೆ ಇಪ್ಪತ್ತೈದು, ಹಬ್ಬ ಹರಿದಿನಕ್ಕೆ ನೂರು. ಮೀನು ಹಜಾರದಲ್ಲಿರುವ ಪ್ರಾಣಿ, ಆದುದರಿಂದ ಅರವತ್ತು. ತರ್ಕದಲ್ಲಿ ದೋಷವಿರಲಿಲ್ಲ. ಅಟ್ಟದ ಡಬ್ಬಿಯಲ್ಲಿ ಹಳೆಯ ತಂತುದೀಪವೊಂದು ಸಿಕ್ಕಿತು, ಹಾಕಿದೆವು. ತೊಟ್ಟಿ ಹೊಂಬಣ್ಣದಿಂದ ತುಂಬಿಕೊಂಡಿತು. ಎಲ್ಲರೂ ಮೆಚ್ಚಿದರು.

ನಾಲ್ಕೈದು ದಿನಗಳಲ್ಲಿ ಮೀನುಗಳು ನೀರಿನ ಮೇಲ್ಮೈಗೆ ಬಂದು ಬಾಯಿ ಬಿಡತೊಡಗಿದವು. ‘ಹಸಿವಾಗಿದೆ’ ಎಂದು ಇನ್ನಷ್ಟು ಕಾಳು ಹಾಕಿದೆವು. ನೀರು ಹಸುರಿಗೆ ತಿರುಗಿತು. ಹತ್ತನೆಯ ದಿನ ಮಧ್ಯಾಹ್ನ ಎರಡು ಮೀನುಗಳು ಮಗುಚಿ ತೇಲುತ್ತಿದ್ದವು. ಹುಡುಗ ಅಳಲಿಲ್ಲ. “ನಾನೇನು ತಪ್ಪು ಮಾಡಿದೆ ತಾತ?” ಎಂದು ಮಾತ್ರ ಕೇಳಿದ. ಆ ಪ್ರಶ್ನೆಗೆ ನನ್ನಲ್ಲಿ ಸಿದ್ಧ ಉತ್ತರವಿರಲಿಲ್ಲ.

ನನ್ನೊಡನೆ ಕೆಲಸ ಮಾಡಿ ನಿವೃತ್ತರಾದ ಪ್ರಾಣಿಶಾಸ್ತ್ರದ ಅಧ್ಯಾಪಕರೊಬ್ಬರನ್ನು ಕರೆತಂದೆ. ಅವರು ಮೀನನ್ನು ನೋಡುವ ಮೊದಲು ತಗಡಿನ ಮುಚ್ಚಳದ ಮೇಲೆ ಕೈಯಿಟ್ಟು, ತಟ್ಟನೆ ತೆಗೆದರು. “ಇದು ದೀಪವಲ್ಲ ಮೇಷ್ಟ್ರೇ, ಒಲೆ” ಎಂದರು. ಉಷ್ಣಮಾಪಕ ಇಳಿಬಿಟ್ಟರು, ನೀರು ಮೂವತ್ತನಾಲ್ಕು ಡಿಗ್ರಿ ತೋರಿಸಿತು. ಗೋಲ್ಡ್ ಫಿಶ್ ತಂಪುನೀರಿನ ಮೀನು. ಇಪ್ಪತ್ತರ ಆಸುಪಾಸು ಅದಕ್ಕೆ ಹಿತ.

ಅವರು ಕಾಗದದ ಚೂರಿನ ಮೇಲೆ ಹಾಕಿ ತೋರಿಸಿದ ಲೆಕ್ಕವನ್ನು ನಿಮಗೂ ಹೇಳುತ್ತೇನೆ. ತಂತುದೀಪ ಸೇವಿಸುವ ವಿದ್ಯುತ್ತಿನಲ್ಲಿ ನೂರಕ್ಕೆ ಐದು ಪಾಲಿನಷ್ಟು ಮಾತ್ರ ಕಣ್ಣಿಗೆ ಕಾಣುವ ಬೆಳಕಾಗುತ್ತದೆ, ಉಳಿದದ್ದೆಲ್ಲ ಶಾಖ. ಒಂದು ವ್ಯಾಟ್ ಎಂದರೆ ಸೆಕೆಂಡಿಗೆ ಒಂದು ಜೌಲ್ ಶಕ್ತಿ. ಅರವತ್ತು ವ್ಯಾಟಿನ ಬಲ್ಬು ಒಂದು ಗಂಟೆಯಲ್ಲಿ ೨,೧೬,೦೦೦ ಜೌಲ್ ವ್ಯಯಿಸುತ್ತದೆ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿಮಾಡಲು ಸುಮಾರು ೪,೨೦೦ ಜೌಲ್ ಬೇಕು. ನಮ್ಮ ತೊಟ್ಟಿಯ ಇಪ್ಪತ್ತೇಳು ಲೀಟರಿಗೆ ಒಂದು ಲಕ್ಷದ ಹದಿಮೂರು ಸಾವಿರ. ಬಲ್ಬಿನ ಶಾಖದಲ್ಲಿ ಅರ್ಧ ನೀರಿಗಿಳಿದರೂ ಗಂಟೆಗೆ ಹೆಚ್ಚುಕಡಮೆ ಒಂದು ಡಿಗ್ರಿ ಏರಿತು. ಗಾಳಿಗೆ ಒಂದಿಷ್ಟು ಶಾಖ ಬಿಟ್ಟುಕೊಟ್ಟರೂ, ಏಪ್ರಿಲ್ ತಿಂಗಳ ಕೋಣೆಯಲ್ಲಿ ಮೂವತ್ತು ಡಿಗ್ರಿಯಿದ್ದ ನೀರು ಮೂವತ್ತನಾಲ್ಕಕ್ಕೆ ಏರಲು ಒಂದು ದಿನವೂ ಬೇಕಿಲ್ಲ.

ಬಿಸಿಯಾದರೇನು ಎನ್ನಬಹುದು. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿ ನಿಲ್ಲುವ ಆಮ್ಲಜನಕ ಕಡಮೆಯಾಗುತ್ತದೆ. ಸಮುದ್ರಮಟ್ಟದಲ್ಲಿ ಇಪ್ಪತ್ತೈದು ಡಿಗ್ರಿಯ ಒಂದು ಲೀಟರ್ ನೀರು ಎಂಟು ಮಿಲಿಗ್ರಾಮಿಗೆ ಸ್ವಲ್ಪ ಮೇಲ್ಪಟ್ಟು ಆಮ್ಲಜನಕವನ್ನು ಹಿಡಿದಿಟ್ಟುಕೊಂಡರೆ, ಮೂವತ್ತನಾಲ್ಕರಲ್ಲಿ ಏಳರಷ್ಟು. ಬೆಂಗಳೂರು ಸುಮಾರು ೯೦೦ ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ಅದಕ್ಕಿಂತಲೂ ಕಡಮೆ. ಅತ್ತ ನೀರಿನಲ್ಲಿ ಉಸಿರು ಕಡಮೆಯಾಗುವ ಹೊತ್ತಿಗೇ ಇತ್ತ ಮೀನಿನ ಮೈ ಚುರುಕಾಗಿ ಹೆಚ್ಚು ಉಸಿರನ್ನು ಬೇಡುತ್ತದೆ. ಮೇಲೆ ಬಂದು ಬಾಯಿ ಬಿಡುತ್ತಿದ್ದ ಮೀನು ಅನ್ನ ಕೇಳುತ್ತಿರಲಿಲ್ಲ, ಗಾಳಿ ಕೇಳುತ್ತಿತ್ತು. ನಾವು ಅನ್ನ ಹಾಕಿದೆವು. ಅದು ಕೊಳೆತು ನೀರನ್ನು ಇನ್ನಷ್ಟು ಕೆಡಿಸಿತು. ಅಷ್ಟು ಚಿಕ್ಕ ತೊಟ್ಟಿಗೆ ನಾಲ್ಕು ಗೋಲ್ಡ್ ಫಿಶ್ ಹೆಚ್ಚೇ ಆಗಿದ್ದವೆಂಬುದೂ ನಿಜ. ದೀಪವೊಂದೇ ಅಪರಾಧಿಯಲ್ಲ, ಆದರೆ ಮೊದಲ ಅಪರಾಧಿ ಅದು, ಮತ್ತು ಅದನ್ನು ನೇಮಿಸಿದವನು ನಾನು.

ಹಾಗಾದರೆ ಎಷ್ಟು ವ್ಯಾಟು ಸರಿ? ಇಲ್ಲಿಯೇ ನನ್ನ ಪೀಳಿಗೆಯವರ ಭಾಷೆಯ ತೊಡಕೊಂದಿದೆ. ವ್ಯಾಟ್ ಎಂಬುದು ಬೆಳಕಿನ ಅಳತೆಯಲ್ಲ. ದೀಪ ತಿನ್ನುವ ವಿದ್ಯುತ್ತಿನ ಅಳತೆ. ಉಗಿಯಂತ್ರದ ಜೇಮ್ಸ್ ವಾಟ್ ಮಹಾಶಯನ ಹೆಸರು ಅದಕ್ಕೆ ಬಂದದ್ದು ೧೮೮೨ರ ಸುಮಾರಿನಲ್ಲಿ. ಪೀಣ್ಯದ ಲೇತ್ ಯಂತ್ರದ ಮುಂದೆ ನಿಂತವರಿಗೆ ಇದು ಸುಲಭವಾಗಿ ತಿಳಿಯುತ್ತದೆ: ಅವರು ಮೋಟಾರನ್ನು ಅಶ್ವಶಕ್ತಿಯಲ್ಲಿ ಎಣಿಸುತ್ತಾರೆ, ಒಂದು ಅಶ್ವಶಕ್ತಿಯೆಂದರೆ ೭೪೬ ವ್ಯಾಟ್. ಮೋಟಾರು ಎಷ್ಟು ಅಶ್ವಶಕ್ತಿಯದೆಂದು ಹೇಳಿದ ಮಾತ್ರಕ್ಕೆ ಎಷ್ಟು ಬೋಲ್ಟು ತಯಾರಾದವೆಂದು ಹೇಳಿದಂತಾಗಲಿಲ್ಲ. ಒಬ್ಬನ ಊಟದ ಅಳತೆಯಿಂದ ಅವನ ಕೆಲಸದ ಅಳತೆ ತಿಳಿಯುವುದಿಲ್ಲ, ಅಲ್ಲವೇ?

ಆದರೂ ಎರಡು ಮೂರು ಪೀಳಿಗೆಗಳು ವ್ಯಾಟನ್ನೇ ಬೆಳಕೆಂದು ನಂಬಿದ್ದಕ್ಕೆ ಕಾರಣವುಂಟು. ಶಿವನಸಮುದ್ರದ ವಿದ್ಯುತ್ತು ೧೯೦೨ರಲ್ಲಿ ಕೋಲಾರದ ಚಿನ್ನದ ಗಣಿಗೆ ಹರಿಯಿತು. ೧೯೦೫ರಲ್ಲಿ ಬೆಂಗಳೂರಿನ ಬೀದಿಯಲ್ಲಿ ದೀಪವಾಯಿತು. ೧೯೩೬ರಲ್ಲಿ ಮೈಸೂರು ಲ್ಯಾಂಪ್ಸ್ ಸ್ಥಾಪನೆಯಾಗಿ, ಮಲ್ಲೇಶ್ವರದ ಅಂಚಿನ ಹಳೆಯ ತುಮಕೂರು ರಸ್ತೆಯಲ್ಲಿ ಬಲ್ಬುಗಳು ತಯಾರಾಗತೊಡಗಿದವು. ಆ ಕಾರ್ಖಾನೆ ಕೆಲಸ ನಿಲ್ಲಿಸಿ ಈಗ ಎರಡು ದಶಕಗಳಾದುವು. ನಮ್ಮಂಥವರ ಮನಸ್ಸಿನಲ್ಲಿ ಮಾತ್ರ ಅದರ ನಲವತ್ತು, ಅರವತ್ತು, ನೂರರ ಅಂಕಿಗಳು ಅಚ್ಚಳಿಯದೆ ಉಳಿದಿವೆ. ಅಷ್ಟೂ ಕಾಲ ಮನೆಯಲ್ಲಿದ್ದದ್ದು ಹೆಚ್ಚಾಗಿ ಒಂದೇ ಜಾತಿಯ ದೀಪವಾದುದರಿಂದ, ಹೆಚ್ಚು ತಿಂದದ್ದು ಹೆಚ್ಚು ಬೆಳಗುತ್ತಿತ್ತು, ಹೋಲಿಕೆ ಕೆಡುತ್ತಿರಲಿಲ್ಲ. ಜಾತಿ ಬೇರೆಯಾದೊಡನೆ ಕೆಟ್ಟಿತು.

ಬೆಳಕನ್ನು ಅಳೆಯುವ ಮಾನಕ್ಕೆ ಲೂಮೆನ್ ಎಂದು ಹೆಸರು. ಒಂದು ಮೇಣದ ಬತ್ತಿಯ ಬೆಳಕು ಸುಮಾರು ಹನ್ನೆರಡು ಲೂಮೆನ್. ತಂತುದೀಪ ಒಂದು ವ್ಯಾಟಿಗೆ ಕೊಡುವುದೂ ಹೆಚ್ಚುಕಡಮೆ ಹನ್ನೆರಡೇ. ಎಂದರೆ ವ್ಯಾಟಿಗೊಂದು ಮೇಣದ ಬತ್ತಿ. ಕೊಳವೆ ದೀಪ, ನಾವು ಟ್ಯೂಬ್‌ಲೈಟ್ ಎನ್ನುತ್ತೇವಲ್ಲ, ಅದು ಐವತ್ತರಿಂದ ಎಪ್ಪತ್ತು ಲೂಮೆನ್ ಕೊಡುತ್ತದೆ. ಈಗಿನ ಎಲ್‌ಇಡಿ ದೀಪ ತೊಂಬತ್ತು, ನೂರು. ೨೦೧೫ರಲ್ಲಿ ‘ಹೊಸ ಬೆಳಕು’ ಎಂಬ ಹೆಸರಿನಲ್ಲಿ ನಮ್ಮ ರಾಜ್ಯದ ಮನೆಮನೆಗೆ ಅಗ್ಗದಲ್ಲಿ ಹಂಚಿದ ಬಲ್ಬು ನಿಮಗೆ ನೆನಪಿರಬಹುದು. ಅದು ಒಂಬತ್ತು ವ್ಯಾಟಿನದು, ಬೆಳಕಿನಲ್ಲಿ ಹಳೆಯ ಅರವತ್ತಕ್ಕೆ ಕಡಮೆಯಿಲ್ಲ. ಅಂಗಡಿಯಲ್ಲಿ “ಇದು ಅರವತ್ತಕ್ಕೆ ಸಮ” ಎಂದು ಹೇಳುವುದರ ಅರ್ಥ ಇಷ್ಟೇ. ಆದುದರಿಂದ ಪೆಟ್ಟಿಗೆಯ ಮೇಲೆ ವ್ಯಾಟನ್ನು ಓದಿ ನಿಲ್ಲಿಸಬೇಡಿ. ಅದರ ಪಕ್ಕದಲ್ಲಿ ಚಿಕ್ಕ ಅಕ್ಷರಗಳಲ್ಲಿ ಮುದ್ರಿಸಿರುವ ಲೂಮೆನ್ನನ್ನು ಓದಿ.

ಮೀನು ಸಾಕುವವರಲ್ಲಿ ‘ಗ್ಯಾಲನ್ನಿಗೆ ಒಂದೆರಡು ವ್ಯಾಟ್’ ಎಂಬ ಹಳೆಯ ಸೂತ್ರವೊಂದು ಬಾಯಿಂದ ಬಾಯಿಗೆ ಬಂದಿದೆ. ಗ್ಯಾಲನ್ ಎಂದರೆ ಇಲ್ಲಿ ಅಮೆರಿಕದ್ದು, ಸುಮಾರು ೩.೮ ಲೀಟರ್. ಇದು ಟ್ಯೂಬ್‌ಲೈಟಿನ ಕಾಲದಲ್ಲಿ ಹುಟ್ಟಿದ ಮಾತು. ಆ ಕಾಲಕ್ಕೆ ಒಪ್ಪುವ ಮಾತು. ಹಳೆಯ ಬಲ್ಬಿಗೆ ಅದನ್ನು ಅನ್ವಯಿಸಿದರೆ ತೊಟ್ಟಿ ಮಂಕಾಗುತ್ತದೆ. ಎಲ್‌ಇಡಿಗೆ ಅನ್ವಯಿಸಿದರೆ ಅತಿಯಾಗುತ್ತದೆ. ಸೂತ್ರವನ್ನು ಅದರ ಭಾಷ್ಯವಿಲ್ಲದೆ ಉರುಹೊಡೆದರೆ ಆಗುವ ಅನರ್ಥ ವ್ಯಾಕರಣದಲ್ಲಿಯೂ ಇದೇ.

ಈಗ ನಮ್ಮ ತೊಟ್ಟಿಯನ್ನು ಅಳೆಯೋಣ. ಉದ್ದ ನಲವತ್ತೈದು ಸೆಂಟಿಮೀಟರ್, ಅಗಲ ಇಪ್ಪತ್ತೈದು, ಎತ್ತರ ಮೂವತ್ತು. ಮೂರನ್ನೂ ಗುಣಿಸಿ ಸಾವಿರದಿಂದ ಭಾಗಿಸಿದರೆ ಮೂವತ್ತಮೂರು ಮುಕ್ಕಾಲು ಲೀಟರ್. ಮರಳು, ಕಲ್ಲು, ಮೇಲೆ ಬಿಟ್ಟ ಜಾಗ ಕಳೆದರೆ ನಿಜವಾದ ನೀರು ಇಪ್ಪತ್ತೇಳು ಲೀಟರ್. ಬರಿಯ ಮೀನುಗಳಿದ್ದರೆ ಲೀಟರಿಗೆ ಐದರಿಂದ ಹತ್ತು ಲೂಮೆನ್ ಸಾಕು; ಅದೂ ನೋಡುವ ನಮಗಾಗಿ. ಜಾವಾ ಫರ್ನ್, ಅನೂಬಿಯಾಸ್, ಕ್ರಿಪ್ಟೊಕೊರೈನ್‌ನಂಥ ಸಾಧು ಸಸ್ಯಗಳಿದ್ದರೆ ಹತ್ತರಿಂದ ಇಪ್ಪತ್ತು. ಬೆಳಕಿಗಾಗಿ ಹಟ ಹಿಡಿಯುವ ಕೆಂಪೆಲೆಯ ಗಿಡಗಳಿಗೆ ಮೂವತ್ತು, ನಲವತ್ತು ಬೇಕಾದೀತು. ಆದರೆ ಅವು ಅದರ ಜೊತೆಗೆ ಗೊಬ್ಬರವನ್ನೂ ಇಂಗಾಲಾಮ್ಲವನ್ನೂ ಕೇಳುತ್ತವೆ. ಹೊಸಬರು ಆ ಹಾದಿಗೆ ಹೋಗದಿರುವುದೇ ಲೇಸು. ಅಂದಮೇಲೆ ನಮ್ಮಂಥ ತೊಟ್ಟಿಗೆ ೨೭೦ರಿಂದ ೫೪೦ ಲೂಮೆನ್. ಎಲ್‌ಇಡಿಯ ಲೆಕ್ಕದಲ್ಲಿ ಮೂರರಿಂದ ಆರು ವ್ಯಾಟ್. ನಾವು ಐದು ವ್ಯಾಟಿನದನ್ನು ತಂದೆವು. ಮನೆಯಲ್ಲಿದ್ದ ಒಂಬತ್ತು ವ್ಯಾಟಿನದು ಇಷ್ಟು ಚಿಕ್ಕ ತೊಟ್ಟಿಗೆ ಹೆಚ್ಚು. ಖರ್ಚಿನ ಮಾತೂ ಇದೆ: ದಿನಕ್ಕೆ ಎಂಟು ಗಂಟೆ ಉರಿದರೆ ಅರವತ್ತರ ಬಲ್ಬು ತಿಂಗಳಿಗೆ ಹದಿನಾಲ್ಕು ಯೂನಿಟ್ಟಿಗೂ ಮೀರಿ ನುಂಗುತ್ತದೆ, ಐದರದು ಒಂದು ಕಾಲು ಯೂನಿಟ್ಟನ್ನೂ ಮುಟ್ಟುವುದಿಲ್ಲ.

ಬಣ್ಣದ ವಿಷಯ ಎರಡೇ ಮಾತು. ಪೆಟ್ಟಿಗೆಯ ಮೇಲೆ ೬,೫೦೦ ಕೆಲ್ವಿನ್ ಎಂದಿದ್ದರೆ ಅದು ಹಗಲಿನ ಬಿಳಿ. ೨,೭೦೦ ಎಂದಿದ್ದರೆ ಹಳೆಯ ಬಲ್ಬಿನ ಹಳದಿ. ಗಿಡಗಳು ಎರಡರಲ್ಲೂ ಬೆಳೆದಾವು. ಮೀನಿನ ಬಣ್ಣವೂ ಎಲೆಯ ಹಸುರೂ ಸಹಜವಾಗಿ ಕಾಣುವುದು ಹಗಲಿನ ಬಿಳಿಯಲ್ಲಿ. ಇನ್ನು ನಮ್ಮ ಕಡೆಯ ಕೊಳವೆಬಾವಿಯ ಗಡಸುನೀರು ಮುಚ್ಚಳದ ಗಾಜಿನ ಮೇಲೆ ಬಿಳಿಯ ಕರೆ ಕಟ್ಟುತ್ತದೆ. ‘ಬೆಳಕು ಸಾಲದು’ ಎಂದು ದೊಡ್ಡ ಬಲ್ಬು ತರುವ ಮೊದಲು ಆ ಗಾಜನ್ನು ಒರೆಸಿ ನೋಡಿ.

ಬೆಳಕು ಸಾಲದೆಂಬ ಭ್ರಮೆಗೆ ಇನ್ನೊಂದು ಕಾರಣವಿದೆ. ಕಬ್ಬನ್ ಉದ್ಯಾನದ ಅಂಚಿನಲ್ಲಿ, ಕಸ್ತೂರಬಾ ರಸ್ತೆಯಲ್ಲಿ, ೧೯೮೩ರಲ್ಲಿ ಸರ್ಕಾರದ ಮತ್ಸ್ಯಾಲಯ ತೆರೆದಾಗ ವಿದ್ಯಾರ್ಥಿಯಾಗಿದ್ದ ನಾನು ನೋಡಲು ಹೋಗಿದ್ದೆ. ಮೀನುಗಳು ಮಣಿಗಳಂತೆ ಹೊಳೆಯುತ್ತಿದ್ದವು. ದೀಪಗಳು ಬಹಳ ದೊಡ್ಡವಿರಬೇಕೆಂದು ಆಗ ತಿಳಿದೆ. ನಾನು ನಿಂತಿದ್ದ ಜಾಗ ಮಬ್ಬಾಗಿತ್ತೆಂಬುದು ಈಗ ಹೊಳೆಯುತ್ತಿದೆ. ತೊಟ್ಟಿ ಚೆನ್ನಾಗಿ ಕಾಣಬೇಕಾದರೆ ಅದರ ದೀಪವನ್ನು ಹಿರಿದು ಮಾಡಬೇಕಿಲ್ಲ. ಕೋಣೆಯ ದೀಪವನ್ನು ಕಿರಿದು ಮಾಡಿದರೆ ಸಾಕು.

ಹೀಗೆ ಸರಿಯಾದ ದೀಪ ಬಂತು, ನೀರು ತಣ್ಣಗಾಯಿತು, ಉಳಿದೆರಡು ಮೀನುಗಳು ದೊಡ್ಡ ತೊಟ್ಟಿಯುಳ್ಳ ಸ್ನೇಹಿತರ ಮನೆ ಸೇರಿದವು. ನಮ್ಮದಕ್ಕೆ ಆರು ಗಪ್ಪಿ ಮೀನುಗಳು ಬಂದವು. ಸೊಳ್ಳೆಯ ಮರಿಗಳನ್ನು ತಿನ್ನಲೆಂದು ಆರೋಗ್ಯ ಇಲಾಖೆಯವರು ಬಾವಿ ತೊಟ್ಟಿಗಳಿಗೆ ಬಿಡುವುದು ಇದೇ ಮೀನನ್ನು. ನಮ್ಮ ಹವೆಗೆ ಒಗ್ಗಿದ ಜೀವ. ಇಲ್ಲಿಗೆ ಕಥೆ ಮುಗಿಯಬೇಕಾಗಿತ್ತು. ಮುಗಿಯಲಿಲ್ಲ. ಮೂರು ವಾರಗಳಲ್ಲಿ ಗಾಜಿನ ಮೇಲೆ ಮತ್ತೆ ಪಾಚಿ ಹಬ್ಬಿತು.

ಮಿತ್ರರು ಈ ಸಲ ಮುಚ್ಚಳ ಮುಟ್ಟಲಿಲ್ಲ, “ಇದನ್ನು ಆರಿಸುವವರು ಯಾರು?” ಎಂದು ಕೇಳಿದರು. ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಬೆಳಗಿನ ಐದಕ್ಕೆ ಎದ್ದು ದೀಪ ಹಾಕುವವನು ನಾನು. ಸಂಜೆ ಹುಡುಗ ಅದರ ಮುಂದೆ ಕೂರುತ್ತಾನೆ. ಎರಡನೆಯ ಪಾಳಿ ಮುಗಿಸಿ ಹನ್ನೊಂದಕ್ಕೆ ಬರುವ ಮಗ ಊಟದ ತಟ್ಟೆ ಹಿಡಿದು ಮೀನು ನೋಡುತ್ತಾನೆ. ನಸುಕಿನ ಮೂರಕ್ಕೆ ಸೊಸೆಯನ್ನು ಕಂಪನಿಯ ಕಾರು ಇಳಿಸಿ ಹೋಗುತ್ತದೆ. ಆಗಲೂ ತೊಟ್ಟಿ ಬೆಳಗುತ್ತಿರುತ್ತದೆ. ಅವಳು ಮಲಗುವಾಗ ಆರಿಸಿದರೆ ಎರಡು ಗಂಟೆಗಳಲ್ಲಿ ನಾನು ಎದ್ದು ಮತ್ತೆ ಹಾಕುತ್ತೇನೆ. ದಿನಕ್ಕೆ ಇಪ್ಪತ್ತೆರಡು ಗಂಟೆ! ಪೀಣ್ಯದ ಯಂತ್ರಗಳಿಗೆ ಮೂರು ಪಾಳಿ, ವೈಟ್‌ಫೀಲ್ಡಿಗೆ ಪರದೇಶದ ಹಗಲು; ಇವುಗಳ ನಡುವೆ ನಮ್ಮ ಮನೆಯಲ್ಲಿ ರಾತ್ರಿಯೆಂಬುದೇ ಇಲ್ಲವಾಗಿದೆಯೆಂದು ಆರು ಮೀನುಗಳಿಂದ ತಿಳಿಯಬೇಕಾಯಿತು.

ದೀಪದ ಪ್ರಮಾಣವನ್ನು ಅದರ ಪ್ರಖರತೆಯಿಂದ ಮಾತ್ರ ಅಳೆದರೆ ಸಾಲದು, ಅವಧಿಯಿಂದಲೂ ಗುಣಿಸಬೇಕು. ನಾನೂರೈವತ್ತು ಲೂಮೆನ್ ಎಂಟು ಗಂಟೆ ಉರಿದರೆ ಒಂದು ಲೆಕ್ಕ. ಇಪ್ಪತ್ತೆರಡು ಗಂಟೆ ಉರಿದರೆ ಅದರ ಮುಮ್ಮಡಿಗೆ ಸಮೀಪ. ಐದು ವ್ಯಾಟಿನ ದೀಪ ನಮ್ಮ ಕೈಯಲ್ಲಿ ಹದಿನಾಲ್ಕು ವ್ಯಾಟಿನಷ್ಟು ಕೆಲಸ ಮಾಡುತ್ತಿತ್ತು. ಹೆಚ್ಚಿದ ಬೆಳಕನ್ನು ಗಿಡಗಳು ಬಳಸಿಕೊಳ್ಳಲಾರವು. ಮೀನಿನ ಮಲದಲ್ಲಿರುವ ಸಾರದೊಡನೆ ಆ ಬೆಳಕನ್ನು ಪಾಚಿ ಬಳಸಿಕೊಳ್ಳುತ್ತದೆ. ಇನ್ನು ಮೀನಿನ ಪಾಡು? ಬಹುಪಾಲು ಮೀನುಗಳಿಗೆ ರೆಪ್ಪೆಯಿಲ್ಲ. ನಾವಾದರೆ ದೀಪ ಆರದಿದ್ದರೆ ಕಣ್ಣು ಮುಚ್ಚಿಕೊಂಡೇವು. ಅದಕ್ಕೆ ಕತ್ತಲೆಯನ್ನು ನಾವೇ ಕೊಡಬೇಕು. ಅದರ ರೆಪ್ಪೆ ಇರುವುದು ನಮ್ಮ ಗೋಡೆಯ ಸ್ವಿಚ್ಚಿನಲ್ಲಿ.

ದಿನಕ್ಕೆ ಎಂಟು ಗಂಟೆ ಬೆಳಕು ಸಾಕು, ಹತ್ತನ್ನು ಮೀರಬಾರದು. ಯಾವ ಎಂಟು ಎಂಬುದು ನಿಮ್ಮ ಅನುಕೂಲ. ದಿನವೂ ಅದೇ ಹೊತ್ತಾಗಿರಬೇಕು. ತಾನಾಗಿ ಹಾಕಿ ಆರಿಸುವ ಟೈಮರ್ ಸಾಧನ ಅಂಗಡಿಗಳಲ್ಲಿ ಸಿಗುತ್ತದೆ. ಕಗ್ಗತ್ತಲೆಯಲ್ಲಿ ಒಮ್ಮೆಗೇ ತೊಟ್ಟಿಯ ದೀಪ ಹಾಕಿದರೆ ಮೀನು ಬೆದರಿ ಗಾಜಿಗೆ ಬಡಿದುಕೊಳ್ಳುತ್ತದೆ. ಮೊದಲು ಕೋಣೆಯ ದೀಪ ಹಾಕಿ. ಕಿಟಕಿಯ ಬಿಸಿಲು ನೇರವಾಗಿ ಬೀಳುವೆಡೆ ತೊಟ್ಟಿಯನ್ನಿಡಬೇಡಿ; ಸೂರ್ಯನಿಗೆ ವ್ಯಾಟಿನ ಮಿತಿ ಹಾಕಲು ಬರುವುದಿಲ್ಲ.

ನೀರೂ ವಿದ್ಯುತ್ತೂ ನೆರೆಹೊರೆಯಾಗಿರುವಲ್ಲಿ ಎಚ್ಚರ ಬೇಕು. ದೀಪಕ್ಕೂ ನೀರಿಗೂ ನಡುವೆ ಗಾಜಿನ ಹೊದಿಕೆಯಿರಲಿ. ಕಾದ ತಂತುದೀಪಕ್ಕೆ ಒಂದು ಹನಿ ನೀರು ಸಿಡಿದರೂ ಅದು ಒಡೆಯಬಹುದು. ತಂತಿ ಪ್ಲಗ್ಗಿಗಿಂತ ಕೆಳಕ್ಕೆ ಜೋತು, ಮತ್ತೆ ಮೇಲೇರಿ ಪ್ಲಗ್ಗನ್ನು ಸೇರಬೇಕು. ಆಗ ತಂತಿಯ ಗುಂಟ ಇಳಿದ ನೀರು ನೆಲಕ್ಕೆ ತೊಟ್ಟಿಕ್ಕುತ್ತದೆಯೇ ಹೊರತು ಪ್ಲಗ್ಗಿನೊಳಗೆ ಹೋಗುವುದಿಲ್ಲ. ತೊಟ್ಟಿಗೆ ಕೈಹಾಕುವ ಮುನ್ನ ಪ್ಲಗ್ಗು ಕಳಚಿರಬೇಕು. ಮಕ್ಕಳಿಗೆ ಇದನ್ನು ಮೊದಲ ಪಾಠವಾಗಿ ಹೇಳಿಕೊಡಿ.

ನಮ್ಮ ಮನೆಯಲ್ಲಿ ಎಂಟು ಗಂಟೆಯ ಹಂಚಿಕೆಗೆ ಒಂದು ಸಭೆಯೇ ನಡೆಯಿತು. ಮಧ್ಯಾಹ್ನ ಮೂರೂವರೆಯಿಂದ ರಾತ್ರಿ ಹನ್ನೊಂದೂವರೆ ಎಂದು ತೀರ್ಮಾನವಾಯಿತು. ಹುಡುಗನಿಗೆ ಸಂಜೆ ದಕ್ಕಿತು, ಮಗನಿಗೆ ಅರ್ಧ ಗಂಟೆ. ಸೊಸೆಗೆ ಏನೂ ಉಳಿಯಲಿಲ್ಲ. “ನಿನಗೆ ಬೇಸರವೇನಮ್ಮ?” ಎಂದು ಕೇಳಿದೆ. ಅವಳು ಸ್ವಲ್ಪ ತಡೆದು, “ನನಗೆ ಮೀನು ನೋಡಬೇಕೂಂತ ಇರಲಿಲ್ಲ ಮಾವ. ಬಾಗಿಲು ತೆಗೆದಾಗ ಒಳಗೆ ಯಾರೋ ಎದ್ದಿದಾರೆ ಅನ್ನಿಸ್ತಿತ್ತು, ಅಷ್ಟೆ” ಎಂದಳು.

ಇಪ್ಪತ್ತೆರಡು ಗಂಟೆಗಳ ಬೆಳಕಿನ ಕಾರಣ ಅಜಾಗರೂಕತೆಯೆಂದು ನಾನು ತಿಳಿದಿದ್ದೆ. ಅದು ಬೇರೆಯೇ ಆಗಿತ್ತು. ಮೀನಿಗೆ ಬೇಕಾದ ಕತ್ತಲೆಯನ್ನು ಮೀನಿಗೆ ಕೊಡುವುದು ಸರಿ. ಆದರೆ ಮನುಷ್ಯರಿಗೆ ಬೇಕಾದ ದೀಪವನ್ನು ಮೀನಿನ ತೊಟ್ಟಿಯಿಂದ ಎರವಲು ತರುವಂತಾಗಬಾರದಲ್ಲ! ಈಗ ಬಾಗಿಲ ಪಕ್ಕದಲ್ಲಿ ಅರ್ಧ ವ್ಯಾಟಿನ ಒಂದು ಚಿಕ್ಕ ದೀಪ ರಾತ್ರಿಯಿಡೀ ಉರಿಯುತ್ತದೆ. ತೊಟ್ಟಿ ಕತ್ತಲೆಯಲ್ಲಿ ಮಲಗಿರುತ್ತದೆ. ಗಾಜಿನ ಮೇಲೆ ಪಾಚಿ ಬಹುತೇಕ ಇಲ್ಲ. ಗಪ್ಪಿಗಳು ಮರಿ ಹಾಕಿವೆ. ನಸುಕಿನ ಮೂರಕ್ಕೆ ಕಾರಿನ ಸದ್ದಾದಾಗ, ವಯಸ್ಸಿನ ಕಾರಣದಿಂದ ಹೇಗೂ ಎಚ್ಚರವಾಗಿರುವ ನಾನು ಒಳಗಿನಿಂದಲೇ ಒಮ್ಮೆ ಕೆಮ್ಮುತ್ತೇನೆ. ಅದಕ್ಕೆ ಯಾವ ವ್ಯಾಟೂ ಬೇಕಿಲ್ಲ.